ಒಂಟಿ ಸೈಕಲ್ ಸವಾರ ಹೇಳದೆ ಬಿಡುವ ನೋವು

ಮಂಗಳೂರಿನಿಂದ ಕನ್ಯಾಕುಮಾರಿಗೆ ಒಬ್ಬನೇ ಸೈಕಲ್ ತುಳಿದು ಹೋಗಿದ್ದ ಯುವಕನೊಬ್ಬ ಊರಿಗೆ ಮರಳಿದ ಮೇಲೆ ನನ್ನ ದವಾಖಾನೆಗೆ ಬಂದ. ಕುರ್ಚಿ ತೋರಿಸಿದರೂ ಕುಳಿತುಕೊಳ್ಳಲಿಲ್ಲ. ತೊಡೆಸಂದಿಯಲ್ಲಿ ಕೀವು ತುಂಬಿದ ಕುರು. ‘ಮೂರನೇ ದಿನವೇ ಶುರುವಾಗಿತ್ತು ಡಾಕ್ಟ್ರೇ, ಯಾರಿಗೆ ಹೇಳುವುದು?’ ಎಂದ. ಎಷ್ಟು ಕಿಲೋಮೀಟರ್ ಎಂದು ಎಲ್ಲರೂ ಕೇಳಿದ್ದರು. ಮೈ ಹೇಗಿದೆ ಎಂದು ಯಾರೂ ಕೇಳಿರಲಿಲ್ಲ.

ಸೈಕಲ್ ಸವಾರಿ ಒಳ್ಳೆಯ ವ್ಯಾಯಾಮ, ಅದರಲ್ಲಿ ಎರಡು ಮಾತಿಲ್ಲ. ಆದರೆ ದೂರ ಪ್ರಯಾಣಕ್ಕೆ ಒಬ್ಬನೇ ಹೊರಟವನಿಗೆ ‘ಇವತ್ತಿಗೆ ಸಾಕು’ ಎನ್ನುವವರು ಜೊತೆಗಿರುವುದಿಲ್ಲ. ಅದನ್ನು ಅವನೇ ತನಗೆ ಹೇಳಿಕೊಳ್ಳಬೇಕು. ಯುನಾನಿ ವೈದ್ಯಶಾಸ್ತ್ರವು ಆರೋಗ್ಯಕ್ಕೆ ಅಗತ್ಯವೆಂದು ಎಣಿಸುವ ಆರು ಸಂಗತಿಗಳಲ್ಲಿ ದೇಹದ ಚಲನೆ ಮತ್ತು ವಿಶ್ರಾಂತಿ ಸೇರಿ ಒಂದು, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ ಸೇರಿ ಇನ್ನೊಂದು. ಎರಡರಲ್ಲೂ ವಿಶ್ರಾಂತಿಯನ್ನು ಬೇರ್ಪಡಿಸಿಲ್ಲ.

ಬೆವರು, ಒತ್ತಡ, ಉಜ್ಜಾಟ ಮೂರೂ ಸೇರಿದರೆ ಸೀಟಿಗೆ ತಾಗುವ ಚರ್ಮ ಕಿತ್ತು ಹುಣ್ಣಾಗುತ್ತದೆ. ಸವಾರಿ ಮುಗಿದ ಕೂಡಲೇ ಒದ್ದೆ ಚಡ್ಡಿ ಬದಲಿಸಿ, ಆ ಭಾಗವನ್ನು ತೊಳೆದು ಚೆನ್ನಾಗಿ ಒಣಗಿಸಿ. ಮೆತ್ತೆಯಿರುವ ಸೈಕಲ್ ಚಡ್ಡಿಯ ಒಳಗೆ ಬೇರೆ ಒಳಉಡುಪು ಬೇಡ, ಅದರ ಹೊಲಿಗೆಯೇ ಉಜ್ಜುತ್ತದೆ. ಕನಿಷ್ಠ ಎರಡು ಚಡ್ಡಿ ಇರಲಿ, ಒಗೆದು ಒಣಗಿದ್ದನ್ನೇ ಹಾಕಿ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಹ್ಯಾಂಡಲ್ ಅಂಗೈಯ ನರವನ್ನು ಒತ್ತುತ್ತಿದೆ ಎಂದರ್ಥ. ಗುಪ್ತಾಂಗದ ಸುತ್ತ ಜೋಮು ಬಂದರೆ ನಾಚಿಕೆಪಟ್ಟು ಮುಂದೆ ಸಾಗಬೇಡಿ. ಸವಾರಿ ನಿಲ್ಲಿಸಿ, ಸೀಟಿನ ಎತ್ತರ ಮತ್ತು ಓರೆ ಸರಿಪಡಿಸಿ. ಆಮೇಲೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಬಿಸಿಲಿನಲ್ಲಿ ದಿನವಿಡೀ ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆನೋವು, ಗೊಂದಲ ಬರಬಹುದು. ಉಪ್ಪು ಹಾಕಿದ ಮಜ್ಜಿಗೆ, ಗಂಜಿಯೂ ಬೇಕು.

1963ರಲ್ಲಿ ಐರ್ಲೆಂಡಿನಿಂದ ಭಾರತಕ್ಕೆ ಒಬ್ಬರೇ ಸೈಕಲಿನಲ್ಲಿ ಬಂದ ಡರ್ವ್ಲಾ ಮರ್ಫಿ ಕೂಡ ದಾರಿಯಲ್ಲಿ ಅಗತ್ಯ ಬಿದ್ದಾಗ ಬಸ್ಸು ಹತ್ತಿದ್ದರು. ಅದರಿಂದ ಅವರ ಸಾಧನೆ ಕಿರಿದಾಗಲಿಲ್ಲ.

ಆ ಯುವಕ ಗುಣವಾದ ಮೇಲೆ ಮತ್ತೆ ಹೊರಡುತ್ತೇನೆ ಎಂದ. ಹೋಗಿ ಬಾ ಎಂದೆ. ಆದರೆ ವಾರಕ್ಕೊಂದು ದಿನ ಸೈಕಲ್ ಮುಟ್ಟಕೂಡದು, ರಾತ್ರಿ ಮನೆಗೆ ಫೋನ್ ಮಾಡಿದಾಗ ‘ಆರಾಮ’ ಎಂದಷ್ಟೇ ಹೇಳಿ ಇಡಕೂಡದು ಎಂದೂ ಹೇಳಿದೆ. ಮನೆಯವರೂ ಅಷ್ಟೇ, ಎಲ್ಲಿಗೆ ತಲುಪಿದೆ ಎಂದು ಕೇಳುವ ಮೊದಲು ಎಲ್ಲಿ ನೋಯುತ್ತಿದೆ ಎಂದು ಕೇಳಲಿ.