ಕಂಪನಿ ಅಂದ್ರೆ ಮಳೆ ಅಲ್ಲ ಸ್ವಾಮಿ

ಕೊಟ್ಟಿಗೆಹಾರದಲ್ಲಿ ಬಸ್ಸಿಗೆ ಕಾಯೋರು ಎರಡು ವಿಷಯ ಮಾತಾಡ್ತಾರೆ. ಒಂದು ಮಳೆ, ಇನ್ನೊಂದು ಕಾಫಿ ರೇಟು. ಈಗ ಮೂರನೇದೊಂದು ಸೇರ್ಕೊಂಡಿದೆ: ಮುಂದಿನ ತಿಂಗಳು ಯಾವ ಕಂಪ್ಯೂಟರ್ ಬರುತ್ತೆ. 2025ರಲ್ಲಿ ಒಂದ್ಸಲ ನೀರುದೋಸೆ ತಿನ್ನುತ್ತಾ ಕೂತಿದ್ದೆ. ಪಕ್ಕದ ಟೇಬಲ್ಲಿನ ಇಬ್ಬರು ಹುಡುಗರು ಮೊಬೈಲಲ್ಲಿ ಕನ್ನಡದ್ದೇ ಒಂದು ವಿಡಿಯೋ ಹಾಕ್ಕೊಂಡಿದ್ರು. ಆಪಲ್‌ನವರ ಎಂ5 ಚಿಪ್ಪು ಯಾವಾಗ ಬರಬಹುದು, ಐಫೋನಿನ ಚಿಪ್ಪು ಹಾಕಿದ ಕಡಿಮೆ ಬೆಲೆಯ ಮ್ಯಾಕ್‌ಬುಕ್ ಬರುತ್ತಂತೆ ಹೌದಾ, ಮುಟ್ಟಿದ್ರೆ ಕೆಲಸ ಮಾಡೋ ಪರದೆ ಯಾವ ವರ್ಷಕ್ಕೆ. ಹದಿನೈದು ನಿಮಿಷದ ವಿಡಿಯೋ. 'ಬರಬಹುದು', 'ಇರಬಹುದು', 'ಅಂತೆ' ಬಿಟ್ಟರೆ ಅದರಲ್ಲಿ ಬೇರೆ ಕ್ರಿಯಾಪದವೇ ಇರ್ಲಿಲ್ಲ.

ನನಗೆ ಆ ಹುಡುಗರ ಮೇಲೆ ಸಿಟ್ಟಿಲ್ಲ. ಸಿಟ್ಟಿರೋದು ಆ ವಿಡಿಯೋ ಮಾಡೋರ ಮೇಲೆ, ಪತ್ರಿಕೆಗಳ ತಂತ್ರಜ್ಞಾನದ ಪುಟದಲ್ಲಿ ಅದನ್ನೇ ಅಕ್ಷರಕ್ಕಿಳಿಸೋರ ಮೇಲೆ. ಯಾಕೆ ಅಂತ ಹೇಳೋದಕ್ಕೆ ನಮ್ಮ ಪಕ್ಕದ ತೋಟದ ಗೌಡ್ರ ಕಂಪ್ಯೂಟರಿನ ಕಥೆ ಹೇಳಬೇಕು.

ಗೌಡ್ರ ಹತ್ರ 2017ರಲ್ಲಿ ತಗೊಂಡ ಒಂದು ಡೆಸ್ಕ್‌ಟಾಪ್ ಇದೆ. ಏಳನೇ ತಲೆಮಾರಿನ ಐ5, ವಿಂಡೋಸ್ 10. ಅದರಲ್ಲಿ ಅವರು ಮಾಡೋದು ಮೂರೇ ಕೆಲಸ: ಆಳುಗಳ ಲೆಕ್ಕ, ಕಾಫಿ ಮಾರಿದ ಲೆಕ್ಕ, ಮಳೆ ಲೆಕ್ಕ. ಮಳೆ ಲೆಕ್ಕ ಅವರ ಅಪ್ಪನ ಕಾಲದ್ದು. ದಿನಾ ಬೆಳಿಗ್ಗೆ ಮಾಪಕ ನೋಡಿ ಇಂಚು, ಸೆಂಟ್ಸಿನಲ್ಲಿ ಡೈರಿಗೆ ಬರೀತಿದ್ರು. 2004ರಿಂದ ಗೌಡ್ರು ಅದನ್ನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಬರೀ ಅಂಕಿ ಅಲ್ಲ. ಬ್ಲಾಸಮ್ ಮಳೆ ಎಂದು ಬಿತ್ತು, ಬ್ಯಾಕಿಂಗ್ ಮಳೆ ಎಷ್ಟು ದಿನ ತಡ ಆಯ್ತು, ಯಾವ ವರ್ಷ ಕಾಯಿ ಉದುರಿತು, ಎಲ್ಲಾ ಕನ್ನಡದಲ್ಲಿ.

2025ರಲ್ಲಿ ಅವರು ಕಂಪ್ಯೂಟರ್ ಅಂಗಡಿಗೆ ಹೋದ್ರು. ಅಂಗಡಿಯವ ಹೇಳಿದ್ದು: ಅಕ್ಟೋಬರ್ 14ಕ್ಕೆ ವಿಂಡೋಸ್ 10 ಬಂದ್ ಆಗುತ್ತೆ, ನಿಮ್ಮ ಮಷಿನ್‌ಗೆ 11 ಹಾಕೋಕಾಗಲ್ಲ, ಬಿಸಾಕಿ. ಬೆಂಗಳೂರಲ್ಲಿರೋ ಮಗ ಫೋನಲ್ಲಿ ಹೇಳಿದ್ದು: ಈಗ್ಲೇ ತಗೋಬೇಡಿ ಅಪ್ಪ, ಹೊಸ ಎಐ ಲ್ಯಾಪ್‌ಟಾಪ್‌ಗಳು ಬರ್ತಿವೆ, ಕಾಯಿರಿ. ಗೌಡ್ರು ನನ್ನ ಹತ್ರ ಬಂದ್ರು. "ಅಲ್ಲ ಮಾರಾಯ, ಬಿಸಾಕ್ಬೇಕೋ ಕಾಯ್ಬೇಕೋ?"

ಈ ಎರಡೂ ಸಲಹೆಗಳ ನಡುವೆ ಒಂದು ಸಣ್ಣ ಸತ್ಯ ಇತ್ತು, ಅದನ್ನ ಯಾರೂ ಅವರಿಗೆ ಹೇಳಿರ್ಲಿಲ್ಲ. 2025ರ ಅಕ್ಟೋಬರ್ 14ಕ್ಕೆ ಕಂಪ್ಯೂಟರ್ ಬಂದ್ ಆಗೋದಿರ್ಲಿಲ್ಲ. ನಿಲ್ಲೋದಿದ್ದದ್ದು ಕಂಪನಿ ಕಳಿಸೋ ಭದ್ರತಾ ಅಪ್‌ಡೇಟ್ ಮಾತ್ರ. ಅದು ಸಣ್ಣ ವಿಷಯ ಅಲ್ಲ, ನೆಟ್‌ಗೆ ಸೇರಿಸಿದ ಮಷಿನ್‌ಗೆ ಅಪಾಯ ಇದ್ದೇ ಇದೆ. ಬೇಕಾದ್ರೆ 2026ರ ಅಕ್ಟೋಬರ್‌ವರೆಗೆ ಇನ್ನೊಂದು ವರ್ಷ ಅಪ್‌ಡೇಟ್ ಪಡೆಯಬಹುದು: ದುಡ್ಡು ಕೊಟ್ಟು, ಇಲ್ಲಾಂದ್ರೆ ಮೈಕ್ರೋಸಾಫ್ಟ್ ಖಾತೆ ತೆರೆದು ನಮ್ಮ ಸೆಟ್ಟಿಂಗ್ಸ್‌ಗಳನ್ನ ಅವರ ಕ್ಲೌಡಿಗೆ ಒಪ್ಪಿಸಿ. ವಿಂಡೋಸ್ 11 ಹಾಕೋಕಾಗದೇ ಇರೋದು ಗೌಡ್ರ ಮಷಿನ್‌ಗೆ ಶಕ್ತಿ ಇಲ್ಲ ಅಂತಲ್ಲ. ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ತಲೆಮಾರು, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ಪು ಬೇಕು ಅಂತ ಕಂಪನಿ 2021ರಲ್ಲೇ ಗೆರೆ ಎಳೀತು. ಗೌಡ್ರು ಆ ಗೆರೆಯ ಈಚೆ ಒಂದೇ ಒಂದು ತಲೆಮಾರಿನಲ್ಲಿ ಉಳಿದ್ರು. ಇದೇ ವಿಂಡೋಸ್ 10 ಬಂದಾಗ, 2015ರಲ್ಲಿ, ಇದೇ ಕೊನೆಯ ವಿಂಡೋಸ್ ಅಂತ ಆ ಕಂಪನಿಯ ಉದ್ಯೋಗಿಯೊಬ್ಬರು ವೇದಿಕೆ ಮೇಲೆ ಹೇಳಿದ್ರು. ಊಹೆ ಬರೆಯೋರೆಲ್ಲ ಅದನ್ನೂ ಚಪ್ಪಾಳೆ ತಟ್ಟಿ ಬರೆದಿದ್ರು.

ಈ ಊಹೆಗಳ ಆಯಸ್ಸು ನೋಡಿ. ವಿಂಡೋಸ್ 12 ಅನ್ನೋದು 2024ರಲ್ಲಿ ಬರುತ್ತೆ ಅಂತ ಎಷ್ಟು ಸಲ ಓದಿಲ್ಲ ನಾವು? ಬಂದಿದ್ದು 11ಕ್ಕೆ ಇನ್ನೊಂದು ಅಪ್‌ಡೇಟ್. ಗಾಳಿಸುದ್ದಿ ಬಿಡಿ, ಕಂಪನಿಗಳು ತಾವೇ ಬಾಯಿಬಿಟ್ಟು ಹೇಳಿದ್ದಾದ್ರೂ ಹೇಳಿದ ದಿನಕ್ಕೆ ಬಂತಾ? ನಮ್ಮ ಕೆಲಸ ಎಲ್ಲ ಅರ್ಥ ಮಾಡ್ಕೊಳ್ಳೋ ಹೊಸ ಸಿರಿಯನ್ನ ಆಪಲ್ 2024ರ ಜೂನ್‌ನಲ್ಲಿ ತೋರಿಸ್ತು, 2025ರ ಮಾರ್ಚ್‌ನಲ್ಲಿ ತಡ ಆಗುತ್ತೆ ಅಂತು. ಪರದೆ ಮೇಲೆ ನಾವು ಮಾಡೋದನ್ನೆಲ್ಲ ಚಿತ್ರ ತೆಗೆದಿಡೋ 'ರೀಕಾಲ್' ಅನ್ನ ಮೈಕ್ರೋಸಾಫ್ಟ್ 2024ರ ಮೇನಲ್ಲಿ ಘೋಷಿಸ್ತು. ಜನ ಇದೇನ್ರೀ ಮನೆಯೊಳಗೇ ಗೂಢಚಾರ ಅಂತ ಗಲಾಟೆ ಎಬ್ಬಿಸಿದ ಮೇಲೆ ಹಿಂದಕ್ಕೆ ತಗೊಂಡು, ಬದಲಾಯಿಸಿ, 2025ರ ಏಪ್ರಿಲ್‌ನಲ್ಲಿ ಬಿಡ್ತು. ಈ ಎರಡನೇದನ್ನ ಗಮನಿಸಿ. ಅಲ್ಲಿ ಕಂಪನಿಯ ಮನಸ್ಸು ಬದಲಾಯಿಸಿದ್ದು ಊಹೆ ಅಲ್ಲ, ಗಲಾಟೆ.

ನಮ್ಮ ಊಹಾಪಂಡಿತರು ಯಾವತ್ತೂ ಕೇಳದ ಒಂದು ಪ್ರಶ್ನೆ ಇದೆ: ಇದು ಕನ್ನಡಕ್ಕೆ ಬರುತ್ತಾ?

ಆಪಲ್ ಇಂಟೆಲಿಜೆನ್ಸ್ ಅಂತ ಒಂದಿದೆ. ಬರೆದುಕೊಡುತ್ತೆ, ಸಾರಾಂಶ ಮಾಡುತ್ತೆ, ಬಹಳಷ್ಟನ್ನ ಮಷಿನ್ ಒಳಗೇ ಮಾಡುತ್ತೆ. ಇಂಗ್ಲಿಷ್, ಫ್ರೆಂಚ್, ಜರ್ಮನ್, ಜಪಾನಿ, ಕೊರಿಯನ್ ಎಲ್ಲ ಬಂದಿವೆ. ವರ್ಷದ ಕೊನೆಯೊಳಗೆ ಇನ್ನೂ ಎಂಟು ಬರುತ್ತವೆ ಅಂತ 2025ರ ಜೂನ್‌ನಲ್ಲಿ ಹೇಳಿದ್ರು. ಅದರಲ್ಲಿ ಡೇನಿಷ್ ಇದೆ, ನಾರ್ವೇಜಿಯನ್ ಇದೆ. ಆ ಎರಡು ದೇಶಗಳ ಜನ ಸೇರಿಸಿದ್ರೂ ಒಂದೂಕಾಲು ಕೋಟಿ ಮುಟ್ಟಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂತ ಬರೆಸಿದವರು 4.37 ಕೋಟಿ. ಕನ್ನಡ ಪಟ್ಟಿಯಲ್ಲಿಲ್ಲ. ಹಿಂದಿಯೂ ಇಲ್ಲ, ಅದು ಬೇರೆ ಮಾತು. ಅದೇ ಕಂಪನಿಯ ಫೋನು ತಯಾರಾಗೋದು ಎಲ್ಲಿ? ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ. 2025ರ ಸೆಪ್ಟೆಂಬರ್ 2ಕ್ಕೆ ಬೆಂಗಳೂರಿನ ಹೆಬ್ಬಾಳದಲ್ಲಿ ಅವರ ಅಂಗಡಿಯೂ ತೆರೀತು. ನಮ್ಮ ನೆಲ ಆಗುತ್ತೆ, ನಮ್ಮ ಮಕ್ಕಳ ಕೈ ಆಗುತ್ತೆ, ನಮ್ಮ ಜೇಬು ಆಗುತ್ತೆ. ನಾಲಿಗೆ ಆಗಲ್ಲ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. 2025ರ ಮಾರ್ಚ್ ಕೊನೆಗೆ ಬಂದ ಐಒಎಸ್ 18.4ರಲ್ಲಿ ಐಫೋನಿನ ಮೆನುಗಳು ಕನ್ನಡದಲ್ಲಿ ಸಿಗೋ ಹಾಗಾಯ್ತು. ಮೊದಲ ಐಫೋನ್ ಬಂದು ಹದಿನೆಂಟು ವರ್ಷಕ್ಕೆ. ಸಂತೋಷ. ಆದ್ರೆ ಕ್ಯಾಮೆರಾದ ಕಣ್ಣು ಎರಡಾ ಮೂರಾ ಅಂತ ಆರು ತಿಂಗಳು ಮೊದಲೇ ಜಗಳ ಆಡೋ ನಮ್ಮ ವಿಡಿಯೋದವರಲ್ಲಿ ಒಬ್ಬರೂ ಈ ಸುದ್ದಿ ಹೇಳಿದ್ದನ್ನ ನಾನು ನೋಡ್ಲಿಲ್ಲ. ಕನ್ನಡದಲ್ಲೇ ಮಾತಾಡ್ತಾರೆ, ಕನ್ನಡದಿಂದಲೇ ಅನ್ನ ತಿಂತಾರೆ, ಕನ್ನಡ ಬಂದಿದ್ದು ಅವರಿಗೆ ಸುದ್ದಿ ಅಲ್ಲ.

"ಮಾರುಕಟ್ಟೆ ಇಲ್ಲ ಸಾರ್, ಅಷ್ಟು ದುಡ್ಡು ಕೊಟ್ಟು ಲ್ಯಾಪ್‌ಟಾಪ್ ತಗೊಳ್ಳೋರು ಇಂಗ್ಲಿಷಲ್ಲೇ ಮಾಡ್ಕೊತಾರೆ" ಅಂತ ಒಬ್ಬ ಗೆಳೆಯ ವಾದ ಮಾಡಿದ. ಹಳೇ ವಾದ. 2012ಕ್ಕೆ ಮೊದಲು ಆಂಡ್ರಾಯ್ಡ್ ಫೋನುಗಳ ಬಗ್ಗೆಯೂ ಇದನ್ನೇ ಹೇಳ್ತಿದ್ರು. ಕನ್ನಡ ಅಕ್ಷರದ ಜಾಗದಲ್ಲಿ ಬರೀ ಚೌಕ ಚೌಕ ಕಾಣ್ತಿತ್ತು. 2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ಕನ್ನಡ, ತೆಲುಗು, ಮಲಯಾಳಂ ಅಕ್ಷರ ತೋರಿಸೋ ವ್ಯವಸ್ಥೆ ಒಳಗೇ ಬಂತು. 2017ರಲ್ಲಿ ಗೂಗಲ್ ಕನ್ನಡದಲ್ಲಿ ಹೇಳಿದ್ದನ್ನ ಟೈಪ್ ಮಾಡೋ ಸೌಲಭ್ಯ ಕೊಟ್ತು. ಈಗ ನೋಡಿ, ನಮ್ಮೂರಲ್ಲಿ ಪೆನ್ನು ಹಿಡಿದು ಎರಡು ಸಾಲು ಬರೆಯದವರೂ ವಾಟ್ಸಾಪಲ್ಲಿ ಪುಟಗಟ್ಲೆ ಕನ್ನಡ ಹಾಕ್ತಾರೆ. ಅಂಗಡಿ ತೆರೆಯೋ ಮೊದಲೇ ಗಿರಾಕಿ ಎಲ್ಲಿ ಅಂತ ಕೇಳಿದ್ರೆ ಹೇಗೆ?

ಐಸ್‌ಲ್ಯಾಂಡ್ ಅಂತ ಒಂದು ದೇಶ. 1998ರಲ್ಲಿ ಅಲ್ಲಿನ ಜನಸಂಖ್ಯೆ ಮೂರು ಲಕ್ಷವೂ ಇರಲಿಲ್ಲ. ನಮ್ಮ ಚಿಕ್ಕಮಗಳೂರು ಜಿಲ್ಲೆಯೊಂದರಲ್ಲೇ 11 ಲಕ್ಷ ಜನ ಇದ್ದೀವಿ. ಅಷ್ಟು ಸಣ್ಣ ಭಾಷೆಗೆ ವಿಂಡೋಸ್ ಮಾಡಿಕೊಡೋದು ಲಾಭ ಇಲ್ಲ ಅಂತ ಮೈಕ್ರೋಸಾಫ್ಟ್ ಅಂದಿತ್ತು. ಅಲ್ಲಿನ ಸರ್ಕಾರ ಬಿಡ್ಲಿಲ್ಲ. ಕೇಳ್ತು, ಒತ್ತಾಯ ಮಾಡ್ತು, ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿ ಆಗೋವರೆಗೂ ಎಳೀತು. 1999ರ ಆರಂಭದಲ್ಲಿ ಒಪ್ಪಂದ ಆಯ್ತು, ಐಸ್‌ಲ್ಯಾಂಡಿಕ್ ವಿಂಡೋಸ್ ಬಂತು. ಹೆಚ್ಚುಕಮ್ಮಿ ಕಾಲು ಶತಮಾನ ಆದ ಮೇಲೆ, 2022ರ ಮೇನಲ್ಲಿ, ಅದೇ ದೇಶದ ಅಧ್ಯಕ್ಷರು ನಿಯೋಗ ಕಟ್ಕೊಂಡು ಅಮೆರಿಕಕ್ಕೆ ಹೋದ್ರು. ಅದರ ಹಿಂದೆಯೇ ಓಪನ್‌ಎಐ ತನ್ನ ಜಿಪಿಟಿ-4ಕ್ಕೆ ಐಸ್‌ಲ್ಯಾಂಡಿಕ್ ಕಲಿಸೋ ಕೆಲಸಕ್ಕೆ ಅವರ ಜೊತೆ ಕೈ ಸೇರಿಸ್ತು. ಅವರು ಯಾವ ಮಾಡೆಲ್ ಯಾವ ತಿಂಗಳು ಬರಬಹುದು ಅಂತ ಊಹೆ ಮಾಡ್ತಾ ಕೂರ್ಲಿಲ್ಲ. ನಮಗೆ ಇದು ಬೇಕು ಅಂದ್ರು.

ನಮ್ಮಲ್ಲಿ ಹಾಗೆ ಕೇಳಿದವರು ಇರ್ಲಿಲ್ವಾ? ಇದ್ರು, ಇಲ್ಲೇ ಇದ್ರು. ಮೂಡಿಗೆರೆಯ ತೋಟದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶದ ಹೆಸರಲ್ಲಿ ವರ್ಷಗಟ್ಟಲೆ ಜಗಳ ಆಡಿದ್ರು. ಕಾದಂಬರಿ ಬರೆಯೋರಿಗೆ ಇದೆಲ್ಲ ಯಾಕೆ ಅಂತ ಜನ ನಗ್ತಿದ್ರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 'ಕುವೆಂಪು' ತಂತ್ರಾಂಶ ಬರೋ ಹಿಂದೆಯೂ ಅವರ ಓಡಾಟ ಇತ್ತು. ಅವರು 2007ರ ಏಪ್ರಿಲ್ 5ಕ್ಕೆ ಹೋದ್ರು. ಅದೇ ವರ್ಷ ಜೂನ್‌ನಲ್ಲಿ ಐಫೋನ್ ಮಾರಾಟಕ್ಕೆ ಬಂತು. ಈಗ ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನ ಇದೆ, ಪ್ರವಾಸಿಗಳು ಬಂದು ಫೋಟೋ ಹೊಡ್ಕೊಂಡು ಹೋಗ್ತಾರೆ. ಫೋಟೋ ಚೆನ್ನಾಗಿ ಬರ್ತವೆ. ಅವರ ಜಗಳ ಯಾರೂ ತಗೊಂಡು ಹೋಗ್ಲಿಲ್ಲ.

ಆ ಜಗಳ ಎಷ್ಟು ಬೇಕಿತ್ತು ಅಂತ ನನಗೆ ಗೊತ್ತಾಗಿದ್ದು ಗೌಡ್ರ ಮಳೆ ಲೆಕ್ಕ ತೆರೆದಾಗ. ಒಂದು ಭಾನುವಾರ ಕೂತು ಅವರ ಹಳೇ ಮಷಿನ್‌ಗೇ ಲಿನಕ್ಸ್ ಹಾಕಿದ್ವಿ. ದುಡ್ಡು ಬೀಳ್ಲಿಲ್ಲ. ಮಷಿನ್ ಮೊದಲಿಗಿಂತ ಚುರುಕಾಯ್ತು. ಫೈಲ್ ತೆರೆದ್ರೆ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಟೋಪಿ, ಚುಕ್ಕೆ, ಗೀಟು. ಯಾಕಂದ್ರೆ ಆ ಕಾಲದ ನುಡಿಯಲ್ಲಿ ಟೈಪ್ ಮಾಡಿದ್ದು ನಿಜವಾಗಿ ಕನ್ನಡವೇ ಅಲ್ಲ. ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಚಿತ್ರ ಅಂಟಿಸಿದ್ದು. ಆ ಫಾಂಟ್ ಇದ್ರೆ ಕನ್ನಡ, ಇಲ್ಲದಿದ್ರೆ ಕಸ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ನಾವು ಅದಕ್ಕೆ ಹೋಗೋಕೆ ಇನ್ನೆಷ್ಟೋ ವರ್ಷ ತಗೊಂಡ್ವಿ. ಅಷ್ಟರಲ್ಲಿ ಸರ್ಕಾರಿ ಕಚೇರಿಗಳಲ್ಲಿ, ಪತ್ರಿಕಾ ಕಚೇರಿಗಳಲ್ಲಿ, ಗೌಡ್ರಂಥವರ ಮನೆಗಳಲ್ಲಿ ಈ ಥರದ ಕನ್ನಡ ರಾಶಿ ಬಿದ್ದಿತ್ತು.

ಪುಣ್ಯಕ್ಕೆ, ಇದನ್ನ ಯೂನಿಕೋಡ್‌ಗೆ ಬದಲಾಯಿಸೋ ಉಪಕರಣಗಳನ್ನ ಕನ್ನಡದ ಹುಡುಗರು ಸಂಬಳ ಇಲ್ಲದೆ ಮಾಡಿ ಬಿಟ್ಟಿದ್ದಾರೆ. ಅದರಲ್ಲಿ ಹಾಕಿದ್ವಿ. ಬಹುಪಾಲು ಸರಿ ಬಂತು. ಅರ್ಕಾವತ್ತು ಮಾತ್ರ ಹಿಂದುಮುಂದಾಯ್ತು. ಇಪ್ಪತ್ತೊಂದು ವರ್ಷದ 'ಮಾರ್ಚ್' ಎಲ್ಲ 'ಮಾಚ್ರ್' ಆಗಿ ಕೂತಿತ್ತು. ಬ್ಲಾಸಮ್ ಮಳೆಯ ತಿಂಗಳೇ ಕೆಟ್ಟು ಹೋಗಿತ್ತು. ಗೌಡ್ರು ಕನ್ನಡಕ ಏರಿಸಿ ಒಂದೊಂದೇ ತಿದ್ದಿದ್ರು. ಪ್ರಿಂಟರ್ ಅರ್ಧ ದಿನ ಸತಾಯಿಸ್ತು, ಅದನ್ನೂ ಹೇಳಿಬಿಡ್ತೀನಿ. ಎಲ್ಲರಿಗೂ ಲಿನಕ್ಸ್ ಸುಲಭ ಅಂತ ನಾನು ಸುಳ್ಳು ಹೇಳಲ್ಲ.

ಹಾಗಾಗಿ ಮುಂದಿನ ಕಂಪ್ಯೂಟರಿನ ಬಗ್ಗೆ ಬರೆಯೋರಿಗೆ ನನ್ನ ನಾಲ್ಕು ಪ್ರಶ್ನೆ. ಒಂದು, ಅದು ಕನ್ನಡ ಓದುತ್ತಾ, ಬರೆಯುತ್ತಾ, ಕೇಳಿಸ್ಕೊಳ್ಳುತ್ತಾ? ಎರಡು, ನೆಟ್ ಇಲ್ಲದಾಗ್ಲೂ ಮಾಡುತ್ತಾ? ಗೂಗಲ್‌ನ ಜೆಮಿನಿಗೆ ಕನ್ನಡ ಬರುತ್ತೆ, ನಿಜ. ಆದ್ರೆ ಆಷಾಢದಲ್ಲಿ ಮರ ಬಿದ್ದು ಕರೆಂಟ್ ಹೋಗಿ, ಟವರ್ ಸತ್ತು ಎರಡು ದಿನ ಆದ ಮೇಲೆ ನಮ್ಮ ಕಡೆ ಕ್ಲೌಡ್ ಅಂದ್ರೆ ಚಾರ್ಮಾಡಿ ಮೇಲಿರೋ ಮೋಡ ಒಂದೇ. ಮೂರು, ಎಷ್ಟು ವರ್ಷ ಅಪ್‌ಡೇಟ್ ಕೊಡ್ತಾರೆ, ಡಬ್ಬದ ಮೇಲೆ ಬರೀತಾರಾ? ನಾಲ್ಕು, ನಾನು ಬರೆದಿಟ್ಟಿದ್ದನ್ನ ಹತ್ತು ವರ್ಷ ಬಿಟ್ಟು ಬೇರೆ ಮಷಿನ್‌ನಲ್ಲಿ ತೆರೀಬಹುದಾ?

ಇದನ್ನ ಕೇಳಬೇಕಾದವರು ವಿಡಿಯೋ ಮಾಡೋರು ಮಾತ್ರ ಅಲ್ಲ. ಶಾಲೆಗಳಿಗೆ, ಕಚೇರಿಗಳಿಗೆ ರಾಶಿ ರಾಶಿ ಕಂಪ್ಯೂಟರ್ ಕೊಳ್ಳೋ ದೊಡ್ಡ ಗಿರಾಕಿ ನಮ್ಮ ರಾಜ್ಯ ಸರ್ಕಾರ. ಟೆಂಡರಿನಲ್ಲಿ ಈ ನಾಲ್ಕು ಸಾಲು ಸೇರಿಸೋಕೆ ವಿಧಾನಸೌಧದಲ್ಲಿ ಶಾಯಿ ಇಲ್ವಾ? ನವೆಂಬರ್ ಒಂದಕ್ಕೆ ಬಾವುಟ ಹಾರಿಸೋ ಕೈಗೆ ಅದೂ ಆಗಬೇಕು.

ಊಹೆ ಮಾಡೋದ್ರಲ್ಲಿ ತಪ್ಪೇನು, ಖುಷಿಗೆ ಅಲ್ವಾ ಅಂತೀರಿ. ನಾವು ಮಲೆನಾಡಿನವರು, ಊಹೆ ನಮಗೆ ಹೊಸದಲ್ಲ. ಮಳೆ ಬಗ್ಗೆ ಹುಟ್ಟಿದಾಗಿನಿಂದ ಊಹೆ ಮಾಡ್ತೀವಿ. ಯಾಕಂದ್ರೆ ಮಳೆ ಹತ್ರ ಅರ್ಜಿ ಹಾಕೋಕಾಗಲ್ಲ, ತಕರಾರು ಮಾಡೋಕಾಗಲ್ಲ, ಬೇರೆ ಮಳೆ ತಗೊಳ್ಳೋಕಾಗಲ್ಲ. ಬಂದಾಗ ಬರುತ್ತೆ, ನಾವು ಅಳೆದು ಬರ್ಕೊಬೇಕು ಅಷ್ಟೆ. ಕಂಪನಿ ಮಳೆ ಅಲ್ಲ. ಅದಕ್ಕೆ ವಿಳಾಸ ಇದೆ, ಹೆಬ್ಬಾಳದಲ್ಲಿ ಬಾಗಿಲಿದೆ, ನಮ್ಮ ದುಡ್ಡಿನ ಮೇಲೆ ಆಸೆ ಇದೆ. ಬಾಗಿಲಿರೋನ ಬಗ್ಗೆ ಅಂಗಳದಲ್ಲಿ ನಿಂತು ಕಣಿ ಕೇಳೋದ್ಯಾಕೆ, ಬಾಗಿಲು ಬಡಿಯೋದು ಬಿಟ್ಟು?

ಗೌಡ್ರ ಮಗ ನಿನ್ನೆ ಮತ್ತೆ ಫೋನ್ ಮಾಡಿದ್ನಂತೆ, ಹೊಸದು ಇನ್ನೇನು ಬಂದೇ ಬಿಡುತ್ತೆ ಅಪ್ಪ ಅಂತ. "ಬರ್ಲಿ ಬಿಡು, ಕನ್ನಡ ಬರುತ್ತಾ ಕೇಳಿ ಹೇಳು" ಅಂದ್ರಂತೆ ಗೌಡ್ರು. ಮಗ ವಿಚಾರಿಸಿ ಹೇಳ್ತೀನಿ ಅಂದಿದ್ದಾನೆ.