ಮಳೆ ಲೆಕ್ಕ ಗ್ರಾಮಸಭೆಗೆ ಬರಲಿ

ಹವಾಮಾನ ಬದಲಾವಣೆಯ ಬಗ್ಗೆ ಹಳ್ಳಿಯವರಿಗೆ ಅರಿವಿಲ್ಲ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಕೊಡಗಿನ ಕಾಫಿ ಬೆಳೆಗಾರರನ್ನು ಮಾತಿಗೆಳೆದು ನೋಡಿ. ಹೂಮಳೆ ಯಾವ ವರ್ಷ ಕೈಕೊಟ್ಟಿತು, ಕೊಯ್ದ ಹಣ್ಣು ಕಣದಲ್ಲಿ ಹರಡಿದ್ದಾಗ ಯಾವ ಡಿಸೆಂಬರಿನಲ್ಲಿ ಮಳೆ ಹೊಯ್ದಿತು ಎಂದು ಥಟ್ಟನೆ ಹೇಳುತ್ತಾರೆ. ಬೋರ್ಡೋ ದ್ರಾವಣ ಹೊಡೆಯಲು ಬಿಡುವನ್ನೇ ಕೊಡದ ಮಳೆಯ ಕಾಟ ಮಲೆನಾಡಿನ ಅಡಿಕೆಯವರಿಗೆ ಗೊತ್ತು. ಆರಿದ್ರಾ ಮಳೆ ಹುಸಿಹೋದ ವರ್ಷಗಳು ಬಯಲುಸೀಮೆಯ ರೈತರ ನೆನಪಿನಲ್ಲಿವೆ. ಇದಕ್ಕೂ ಎಲ್ಲೋ ಉರಿಯುವ ಕಲ್ಲಿದ್ದಲಿಗೂ ಇರುವ ನಂಟನ್ನು ಅವರ ಮಾತಿನಲ್ಲೇ ಕೂತು ಹೇಳುವವರು ಮಾತ್ರ ಕಡಿಮೆ.

ನಾವು ಅವರ ಮುಂದಿಡುವುದು ಹಿಮಕರಡಿಯ ಚಿತ್ರ, 2015ರ ಪ್ಯಾರಿಸ್ ಒಪ್ಪಂದದ ಒಂದೂವರೆ ಡಿಗ್ರಿ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸ ಕಾಣುವ ಕಲಬುರಗಿಯವರು ಒಂದೂವರೆಗೆ ಏಕೆ ಹೆದರಬೇಕು? ಅದರ ಬದಲು ಹೀಗೆ ಹೇಳಬಹುದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿದಿಟ್ಟುಕೊಳ್ಳಬಲ್ಲದು, ಹಾಗಾಗಿ ಮಳೆ ಸುರಿಯುವಾಗ ಒಮ್ಮೆಲೇ ಸುರಿದುಬಿಡುತ್ತದೆ. ತೋಟದಲ್ಲಿ ಕಂಡದ್ದಕ್ಕೆ ಕಾರಣ ಸಿಕ್ಕಿದಾಗ ವಿಜ್ಞಾನ ಪರರ ಮಾತೆನಿಸುವುದಿಲ್ಲ.

ಕೊಡಗಿನಲ್ಲಿ ಇದಕ್ಕೆ ಸಿದ್ಧ ಸಾಮಗ್ರಿಯೇ ಇದೆ. ಅಲ್ಲಿನ ಎಷ್ಟೋ ತೋಟದ ಮನೆಗಳಲ್ಲಿ ಅಂಗಳದ ಮಳೆಮಾಪಕದ ನೀರನ್ನು ಬೆಳಿಗ್ಗೆ ಅಳೆದು ಇಂಚು, ಸೆಂಟುಗಳಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಅಜ್ಜ ಬರೆದದ್ದನ್ನು ಮೊಮ್ಮಗ ಮುಂದುವರಿಸಿದ ಪುಸ್ತಕಗಳೂ ಇವೆ. ಊರಿನ ನಾಲ್ಕಾರು ಮನೆಯವರು ಅವನ್ನು ಒಟ್ಟಿಗೆ ತೆರೆದು ಕೂತರೆ ನೆನಪಿನ ತಪ್ಪುಗಳೂ ಹೊರಬೀಳುತ್ತವೆ. ಹಿಂದೆಲ್ಲ ಮಳೆ ಜಾಸ್ತಿ ಎನ್ನುವ ಹಿರಿಯರ ಮಾತು ವರ್ಷದ ಮೊತ್ತದಲ್ಲಿ ನಿಲ್ಲದೆಯೂ ಹೋಗಬಹುದು. ಮಳೆ ಅಷ್ಟೇ ಇದ್ದು, ಅದು ಬೀಳುವ ದಿನಗಳು ಕಡಿಮೆಯಾಗಿರಲೂ ಸಾಕು. ಅನುಭವಕ್ಕೆ ಬೆಲೆ ಕೊಡಬೇಕು, ಆದರೆ ಅದನ್ನು ಅಳತೆಗೆ ಹಚ್ಚಿಯೇ ಕೊಡಬೇಕು. ಒಂದು ವರ್ಷದ ನೆರೆ ಹಿಡಿದು ಹವಾಮಾನವೇ ಬದಲಾಯಿತು ಎಂದು ಸಾರುವವರು ಮುಂದಿನ ವರ್ಷ ಮಳೆ ಸರಿಹೋದರೆ ಮಾತಿನ ಬೆಲೆ ಕಳೆದುಕೊಳ್ಳುತ್ತಾರೆ.

ಪಕ್ಕದ ಕೇರಳ ಈ ದಾರಿಯಲ್ಲಿ ಒಂದು ಹೆಜ್ಜೆ ಮುಂದಿದೆ. ಕೋಟ್ಟಯಂ ಜಿಲ್ಲೆಯ ಮೀನಚ್ಚಿಲ್ ನದಿ ಬಯಲಿನಲ್ಲಿ ಊರಿನವರು, ಶಾಲಾ ಮಕ್ಕಳು ಮಳೆಯನ್ನೂ ಹೊಳೆಯ ಮಟ್ಟವನ್ನೂ ಅಳೆದು ವಾಟ್ಸ್ಆ್ಯಪ್‌ನಲ್ಲಿ ಹಂಚಿಕೊಳ್ಳುತ್ತಾರೆ. ವಯನಾಡಿನಲ್ಲಿ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಜಿಲ್ಲೆಯುದ್ದಕ್ಕೂ ಮಳೆಮಾಪಕಗಳ ಜಾಲವನ್ನೇ ಹೆಣೆದಿದೆ. 2024ರ ಜುಲೈ 29ರಂದು ಆ ಅಳತೆಗಳನ್ನು ನೋಡಿ ಅದು ಎಚ್ಚರಿಕೆಯನ್ನೂ ಕೊಟ್ಟಿತ್ತು. ಆದರೂ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಕಡೆ ಗುಡ್ಡ ಜಾರಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅಳತೆ ಕಚೇರಿಗೆ ತಲುಪಿದರೆ ಸಾಲದು, ಮಲಗಿದವರನ್ನು ಎಬ್ಬಿಸಿ ಹೊರಡಿಸುವಷ್ಟು ನಂಬಿಕೆ ಆ ಮಾತಿಗೆ ಊರಲ್ಲಿ ಮೊದಲೇ ಬೆಳೆದಿರಬೇಕು.

ಆ ದಿನದ ಮಳೆಯ ಬಿರುಸು ಹವಾಮಾನ ಬದಲಾವಣೆಯಿಂದ ಸುಮಾರು ಶೇ 10ರಷ್ಟು ಹೆಚ್ಚಿತ್ತು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಹಾಗೆಂದು ಎಲ್ಲ ತಪ್ಪನ್ನೂ ಆಕಾಶದ ಮೇಲೆ ಹೊರಿಸುವಂತಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ವಿಪರೀತ ಮಳೆಯ ಜೊತೆಗೆ ರಸ್ತೆ, ಮನೆಗಳಿಗಾಗಿ ಇಳಿಜಾರು ಕಡಿದದ್ದೂ ಚರ್ಚೆಗೆ ಬಂತು. ಹೊರಗಿನವರು ಇದನ್ನು ಹೇಳಿದರೆ ಊರು ಸಿಡಿಮಿಡಿಗೊಳ್ಳುತ್ತದೆ. ಅಲ್ಲೇ ಬಾಳುವ ಮೇಷ್ಟರೋ ಆಶಾ ಕಾರ್ಯಕರ್ತೆಯೋ ಸಹಕಾರ ಸಂಘದ ಅಧ್ಯಕ್ಷರೋ ಹೇಳಿದರೆ ಜಗಳವಾದರೂ ಮಾತು ಮುಂದುವರಿಯುತ್ತದೆ. ಸ್ಥಳೀಯ ಸಂವಹನಕ್ಕೆ ನಾನು ಇಷ್ಟು ಒತ್ತು ಕೊಡುವುದು ಇದೇ ಕಾರಣಕ್ಕೆ.

ನಮ್ಮಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಅವುಗಳ ಅಂಕಿಗಳು ಬೆಂಗಳೂರಿಗೆ ಹೋದಷ್ಟು ಸಲೀಸಾಗಿ ಊರಿನ ಕಿವಿಗೂ ಬೀಳಬೇಕು. ಮುಂಗಾರಿಗೆ ಮುಂಚಿನ ಗ್ರಾಮಸಭೆಯಲ್ಲಿ ಪಿಡಿಒ ಅವನ್ನು ಓದಲಿ, ಪಕ್ಕದಲ್ಲಿ ಮನೆಗಳ ಮಳೆ ಪುಸ್ತಕಗಳೂ ಇರಲಿ. ಇದರಿಂದ ದೂರದೇಶದ ಹೊಗೆ ತಗ್ಗುತ್ತದೆಯೇ ಎಂದು ಕೇಳಬಹುದು. ತಗ್ಗುವುದಿಲ್ಲ. ಆದರೆ ಇಳಿಜಾರು ಕಡಿದು ರೆಸಾರ್ಟ್ ಕಟ್ಟುವ ಅರ್ಜಿ ಪಂಚಾಯಿತಿಗೆ ಬಂದ ದಿನ, ಆ ಗುಡ್ಡದ ಮೇಲೆ ಒಂದೇ ದಿನ ಎಷ್ಟು ಇಂಚು ಬಿದ್ದಿತ್ತು ಎಂದು ಎದ್ದು ಕೇಳುವ ಸದಸ್ಯರು ಅಲ್ಲಿರುತ್ತಾರೆ.