ದಲ್ಲಾಳಿಯ ಬೆದರಿಕೆಗೆ ನಮ್ಮ ಕಾನೂನೇ ಸಾಕ್ಷಿ

ಕಾಮರಾಜ ರಸ್ತೆ ಕಡೆಯಿಂದ ಕಮರ್ಷಿಯಲ್ ಸ್ಟ್ರೀಟ್‌ಗೆ ಹೊಕ್ಕರೆ ಬಟ್ಟೆ ಅಂಗಡಿಗಳ ಗಾಜಿನ ಮೇಲೆ ಆಗಾಗ ಒಂದು ಚೀಟಿ ಕಾಣುತ್ತೆ: ‘ಸೇಲ್ಸ್ ಗರ್ಲ್ಸ್ ಬೇಕಾಗಿದ್ದಾರೆ’. ನಾವು ನೋಡಿ ಮುಂದೆ ಹೋಗ್ತೀವಿ. ಗಡಿಯಾಚೆ ಕೂತ ದಲ್ಲಾಳಿಗೆ ಮಾತ್ರ ಇಂಥ ಕೆಲಸವೇ ಬಂಡವಾಳ. ಬೆಂಗಳೂರಲ್ಲಿ ಅಂಗಡಿ ಕೆಲಸ, ಪಾರ್ಲರ್ ಕೆಲಸ, ಉಳ್ಕೊಳ್ಳೋಕೆ ಜಾಗವನ್ನೂ ಕೊಡ್ತಾರೆ ಅಂದರೆ ನಂಬದಿರಲು ಕಾರಣವೇನಿದೆ?

2021ರ ಮೇ ತಿಂಗಳಲ್ಲಿ ಒಂದು ವಿಡಿಯೊ ದೇಶವನ್ನೆಲ್ಲ ಸುತ್ತಿತು. ಅದರಲ್ಲಿದ್ದವಳು ಈಶಾನ್ಯ ರಾಜ್ಯದವಳು ಅಂತ ಮೊದಲು ಅಂದುಕೊಂಡರು. ಅವಳು ಬಾಂಗ್ಲಾದೇಶದವಳು, ಸಾಮೂಹಿಕ ಅತ್ಯಾಚಾರ ನಡೆದದ್ದು ನಮ್ಮ ಊರಲ್ಲೇ, ಕೆ.ಆರ್. ಪುರದ ದಿಕ್ಕಿನ ರಾಮಮೂರ್ತಿನಗರದಲ್ಲಿ ಅನ್ನೋದು ಆಮೇಲೆ ಗೊತ್ತಾಯ್ತು. ಪೊಲೀಸರು ಅವಳನ್ನು ಕೇರಳದಲ್ಲಿ ಪತ್ತೆಹಚ್ಚಿದರು, ಸುಮಾರು ಐದು ವಾರದಲ್ಲಿ ಆರೋಪಪಟ್ಟಿ ಹಾಕಿದರು. 2022ರ ಮೇನಲ್ಲಿ ತೀರ್ಪು ಬಂತು: 11 ಮಂದಿ ತಪ್ಪಿತಸ್ಥರು, ಅವರಲ್ಲಿ 7 ಮಂದಿಗೆ ಜೀವಾವಧಿ. ನಮ್ಮ ನ್ಯಾಯಾಲಯಗಳ ವೇಗ ಗೊತ್ತಿದ್ದವರಿಗೆ ಇದು ಅಚ್ಚರಿಯೇ. ಪೊಲೀಸರಿಗೆ ಸಲ್ಲಬೇಕಾದ ಶಹಬ್ಬಾಸ್ ಸಲ್ಲಲಿ.

ಆದರೆ ಆ ಪ್ರಕರಣ ಬೆಳಕಿಗೆ ಬಂದಿದ್ದು ದುರುಳರೇ ವಿಡಿಯೊ ಮಾಡಿ ಹಂಚಿದ್ದರಿಂದ, ದೂರು ಕೊಡೋಕೆ ಯಾರಾದರೂ ಠಾಣೆಗೆ ಬಂದಿದ್ದರಿಂದಲ್ಲ. ವಿಡಿಯೊ ಇಲ್ಲದವರ ಕತೆ ಏನು?

ಕಮರ್ಷಿಯಲ್ ಸ್ಟ್ರೀಟ್‌ಗೆ ಅದರದ್ದೇ ಹೆಸರಿನ ಪೊಲೀಸ್ ಠಾಣೆ ಇದೆ. ಹೀಗೆ ಸಾಗಿಸಿ ತಂದ ಹುಡುಗಿಯೊಬ್ಬಳು ಹೇಗೋ ತಪ್ಪಿಸಿಕೊಂಡು ಅಲ್ಲಿಗೆ ಬಂದಳು ಅಂತಿಟ್ಟುಕೊಳ್ಳಿ. ಅವಳ ಬಳಿ ಪಾಸ್‌ಪೋರ್ಟ್ ಇಲ್ಲ, ಕನ್ನಡ ಬರಲ್ಲ. ಠಾಣೆಯವರ ಮುಂದೆ ಎರಡು ಕಾನೂನು ಇವೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಪ್ರಕಾರ ಅವಳು ಮಾನವ ಕಳ್ಳಸಾಗಣೆಯ ಸಂತ್ರಸ್ತೆ. ಅವಳ ಒಪ್ಪಿಗೆ ಇತ್ತೋ ಇಲ್ಲವೋ ಅನ್ನೋದು ಲೆಕ್ಕಕ್ಕೇ ಬರಲ್ಲ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆ ಪ್ರಕಾರ ಅವಳು ದಾಖಲೆಯಿಲ್ಲದೆ ಒಳಬಂದವಳು: ಐದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಮೊದಲನೆಯದನ್ನು ಸಾಬೀತು ಮಾಡೋಕೆ ದುಭಾಷಿ ಬೇಕು, ಆಪ್ತ ಸಮಾಲೋಚಕರು ಬೇಕು, ತಿಂಗಳುಗಟ್ಟಲೆ ತನಿಖೆ ಬೇಕು. ಎರಡನೆಯದಕ್ಕೆ ಅವಳ ಕೈಯಲ್ಲಿ ಕಾಗದ ಇಲ್ಲ ಅನ್ನೋದೊಂದು ಸಾಕು. ಕೆಲಸದ ಹೊರೆ ಹೊತ್ತ ಠಾಣೆಗೆ ಯಾವುದು ಸಲೀಸು ಅಂತ ಬಿಡಿಸಿ ಹೇಳಬೇಕಿಲ್ಲ.

‘ಪೊಲೀಸರ ಹತ್ರ ಹೋದ್ರೆ ನಿನ್ನನ್ನೇ ಒಳಗೆ ಹಾಕ್ತಾರೆ’ ಅನ್ನೋದು ದಲ್ಲಾಳಿಗಳ ಹಳೆಯ ಬೆದರಿಕೆ. ಅವನು ಹೇಳುವ ನೂರು ಸುಳ್ಳಿನ ನಡುವೆ ನಿಜ ಅಂತಿರೋದು ಇದೊಂದೇ, ಅದನ್ನು ನಿಜ ಮಾಡಿಕೊಟ್ಟವರು ನಾವು. ಬೀಗ ಹಾಕದೆಯೂ ಅವಳನ್ನು ಕೋಣೆಯೊಳಗೆ ಕೂಡಿಡಲು ಅವನಿಗೆ ಇಷ್ಟೇ ಸಾಕು.

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. 2012ರ ಮೇ 1ರಂದೇ ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಒಂದು ಸಲಹಾಪತ್ರ ಕಳಿಸಿತ್ತು. ತನಿಖೆಯಲ್ಲಿ ಮಹಿಳೆ ಅಥವಾ ಮಗು ಸಂತ್ರಸ್ತರು ಅಂತ ಕಂಡುಬಂದರೆ ವಿದೇಶಿಯರ ಕಾಯ್ದೆಯಡಿ ವಿಚಾರಣೆಗೆ ಗುರಿಪಡಿಸಬಾರದು, ಆರೋಪಪಟ್ಟಿ ಹಾಕಿಬಿಟ್ಟಿದ್ದರೆ ಹಿಂಪಡೆಯಲು ಕ್ರಮ ಕೈಗೊಳ್ಳಬಹುದು ಅಂತ ಅದರಲ್ಲಿತ್ತು. ಮಾತು ಒಳ್ಳೆಯದೇ. ಆದರೆ ಸಲಹೆಗೆ ಕಾನೂನಿನ ಬಲ ಇಲ್ಲ. ಮೇಲಾಗಿ ಅದನ್ನು ಬರೆದದ್ದು 1946ರ ವಿದೇಶಿಯರ ಕಾಯ್ದೆಯನ್ನು ಮುಂದಿಟ್ಟುಕೊಂಡು. ಆ ಕಾಯ್ದೆಯೇ ಈಗ ರದ್ದಾಗಿದೆ.

ಹೊಸ ಕಾಯ್ದೆ ಇನ್ನೂ ಒಂದು ಕೆಲಸ ಮಾಡಿದೆ. ಒಳರೋಗಿಯಾಗಿ ದಾಖಲಾಗುವ ವಿದೇಶಿಯರ ಮಾಹಿತಿಯನ್ನು ಆಸ್ಪತ್ರೆಗಳು ನೋಂದಣಾಧಿಕಾರಿಗೆ ಕೊಡಬೇಕು. ಕಮರ್ಷಿಯಲ್ ಸ್ಟ್ರೀಟ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ ಬೌರಿಂಗ್ ಆಸ್ಪತ್ರೆ ಇದೆ. ಬಡವರು ಹೋಗುವ ಜಾಗ. ಠಾಣೆಗೆ ಹೆದರುವ ಹೆಣ್ಣು ನರ್ಸ್ ಒಬ್ಬರ ಮುಂದೆ ಬಾಯಿ ಬಿಡಬಹುದಿತ್ತು. ಈಗ ಆ ಬಾಗಿಲಲ್ಲೂ ಒಂದು ಫಾರಂ ನಿಂತಿದೆ.

ಸಂತ್ರಸ್ತೆ ಅಂತ ಗುರುತಾದರೂ ಕಷ್ಟ ಮುಗಿಯಲ್ಲ. ಅನೈತಿಕ ಸಾಗಣೆ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಅವಳನ್ನು ಒಂದರಿಂದ ಮೂರು ವರ್ಷದವರೆಗೆ ರಕ್ಷಣಾ ಗೃಹದಲ್ಲಿ ಇರಿಸಬಹುದು. ಹೆಸರು ರಕ್ಷಣೆ, ಆದರೆ ಹೊರಗೆ ಹೋಗುವ ಹಾಗಿಲ್ಲ. ಅವಳ ರಾಷ್ಟ್ರೀಯತೆ ಖಚಿತವಾಗಬೇಕು, ಅದಕ್ಕೆ ಕಡತ ದೆಹಲಿಗೆ ಹೋಗಿ ಅಲ್ಲಿಂದ ಅವಳ ದೇಶಕ್ಕೆ ಹೋಗಿ ವಾಪಸ್ ಬರಬೇಕು. ಅಲ್ಲಿಯವರೆಗೆ ದುಡಿಯೋಕೆ ಪರವಾನಗಿ ಇಲ್ಲ, ಊರಿಗೆ ದುಡ್ಡು ಕಳಿಸೋ ಮಾತಂತೂ ದೂರ. ಅವಳ ಪರಿಸ್ಥಿತಿಗಾಗಿಯೇ ಇರುವ ವೀಸಾ ಅನ್ನೋದೊಂದು ನಮ್ಮಲ್ಲಿಲ್ಲ. ಅತ್ತ, ಕಳ್ಳಸಾಗಣೆ ಬಗ್ಗೆಯೇ ಸಮಗ್ರ ಮಸೂದೆಯೊಂದು 2018ರಲ್ಲಿ ಲೋಕಸಭೆ ದಾಟಿ, ರಾಜ್ಯಸಭೆಗೆ ಮುಟ್ಟದೆ ಬಿದ್ದುಹೋಯಿತು.

ಬೇರೆ ದೇಶದವರು ಏನು ಮಾಡ್ತಾರೆ? ಅಮೆರಿಕ 2000ದಲ್ಲೇ ‘ಟಿ ವೀಸಾ’ ಅಂತ ತಂದಿತು: ವರ್ಷಕ್ಕೆ ಗರಿಷ್ಠ 5,000; ತನಿಖೆಗೆ ಸಹಕರಿಸುವ ಸಂತ್ರಸ್ತರು ನಾಲ್ಕು ವರ್ಷದವರೆಗೆ ಅಲ್ಲಿದ್ದು ದುಡಿಯಬಹುದು. ಅದರ ಲಾಭ ನಮ್ಮವರಿಗೂ ಸಿಕ್ಕಿದೆ. ಕತ್ರಿನಾ ಚಂಡಮಾರುತದ ನಂತರ ಸಿಗ್ನಲ್ ಇಂಟರ್‌ನ್ಯಾಷನಲ್ ಕಂಪನಿ ಭಾರತದಿಂದ ಕರೆದೊಯ್ದ ಸುಮಾರು 500 ವೆಲ್ಡರ್, ಪೈಪ್‌ಫಿಟ್ಟರ್‌ಗಳಲ್ಲಿ ಹಲವರು ಈ ವೀಸಾ ಪಡೆದರು. ಭಯ ಬಿಟ್ಟು ಕೋರ್ಟ್ ಹತ್ತಿದರು. 2015ರಲ್ಲಿ ಜ್ಯೂರಿ ಐವರು ಕಾರ್ಮಿಕರಿಗೆ 1.4 ಕೋಟಿ ಡಾಲರ್ ಪರಿಹಾರ ಕೊಡಿಸಿತು. ನಮ್ಮವರಿಗೆ ಪರದೇಶದಲ್ಲಿ ಸಿಕ್ಕಾಗ ನ್ಯಾಯ ಅನ್ನುವ ನಾವು, ಇಲ್ಲಿಗೆ ಬಂದವಳ ವಿಷಯದಲ್ಲಿ ‘ನುಸುಳುಕೋರಳು’ ಅಂತೀವಿ.

‘ಹಾಗಾದ್ರೆ ಎಲ್ಲರೂ ನಾನೂ ಸಂತ್ರಸ್ತೆ ಅಂತಾರಲ್ಲ?’ ಅನ್ನುವ ಪ್ರಶ್ನೆ ಬರುತ್ತೆ. ಅದನ್ನು ಉಡಾಫೆ ಮಾಡಬೇಕಿಲ್ಲ. ಸುಳ್ಳು ಹೇಳುವವರು ಇರ್ತಾರೆ. ಆದರೆ ನಿರ್ಧರಿಸೋದು ಅವಳಲ್ಲ, ಮಾನವ ಕಳ್ಳಸಾಗಣೆ ತಡೆ ಘಟಕದ ತನಿಖೆ ಮತ್ತು ಮ್ಯಾಜಿಸ್ಟ್ರೇಟರು. ತಾತ್ಕಾಲಿಕ ರಕ್ಷಣೆ ಅಂದರೆ ಪೌರತ್ವವೂ ಅಲ್ಲ. ಗಡಿ ಭದ್ರವಾಗಿರಬೇಕು ಅನ್ನುವವರಿಗೇ ಇದು ಹೆಚ್ಚು ಬೇಕು, ಯಾಕಂದ್ರೆ ಗಡಿ ದಾಟಿಸುವ ಜಾಲದ ಹೆಸರು, ದಾರಿ, ದರ ಎಲ್ಲ ಗೊತ್ತಿರೋದು ಇವಳಿಗೆ. ಅವಳನ್ನು ಅವಸರದಲ್ಲಿ ಗಡಿಯಾಚೆ ಬಿಟ್ಟು ಬಂದರೆ ಸಾಕ್ಷಿಯೂ ಅವಳ ಜೊತೆಗೇ ಹೋಗುತ್ತೆ.

ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಯಾವುದೇ ವರ್ಗದ ವಿದೇಶಿಯರಿಗೆ ವಿನಾಯಿತಿ ಕೊಡುವ ಅಧಿಕಾರ ಹೊಸ ಕಾಯ್ದೆಯಲ್ಲೇ ಕೇಂದ್ರಕ್ಕಿದೆ. ಕಾಯ್ದೆ ಜಾರಿಯಾದ ಸೆಪ್ಟೆಂಬರ್‌ನಲ್ಲೇ ಅದನ್ನು ಬಳಸಿಯೂ ಆಯ್ತು: ಧಾರ್ಮಿಕ ಕಿರುಕುಳಕ್ಕೆ ಹೆದರಿ 2024ರ ಡಿಸೆಂಬರ್ 31ರೊಳಗೆ ಬಂದ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಗಾನಿಸ್ತಾನದ ಅಲ್ಪಸಂಖ್ಯಾತರಿಗೆ ದಾಖಲೆಯಿಲ್ಲ ಅನ್ನುವ ಕಾರಣಕ್ಕೆ ಶಿಕ್ಷೆ ಇಲ್ಲ. ನೋಂದಾಯಿತ ಶ್ರೀಲಂಕಾ ತಮಿಳರಿಗೂ ವಿನಾಯಿತಿ ಸಿಕ್ಕಿತು. ಕಳ್ಳಸಾಗಣೆಯ ಸಂತ್ರಸ್ತರು ಆ ಪಟ್ಟಿಯಲ್ಲಿಲ್ಲ. ಸೇರಿಸಲು ಒಂದು ಆದೇಶ ಸಾಕು.

ದೆಹಲಿ ಮಾಡದಿದ್ದರೆ ವಿಧಾನಸೌಧಕ್ಕೂ ಕೆಲಸವಿದೆ. ತಡೆ ಘಟಕದ ವರದಿ ಬರುವ ತನಕ ವಿದೇಶಿಯರ ಕಾಯ್ದೆಯಡಿ ಆರೋಪಪಟ್ಟಿ ಬೇಡ ಅಂತ ಗೃಹ ಇಲಾಖೆ ಎಲ್ಲ ಠಾಣೆಗಳಿಗೂ ಸುತ್ತೋಲೆ ಕಳಿಸಬಹುದು. ಪ್ರಕರಣ ಹಿಂಪಡೆಯಲು ಕೋರ್ಟಿನ ಒಪ್ಪಿಗೆ ಕೇಳುವ ಅವಕಾಶ ಸರ್ಕಾರಿ ಅಭಿಯೋಜಕರಿಗೆ ಇದ್ದೇ ಇದೆ. ಬಾಂಗ್ಲಾ ಭಾಷೆ, ನೇಪಾಳಿ ಬಲ್ಲ ದುಭಾಷಿಗಳ ಒಂದು ಪಟ್ಟಿ ಕಂಟ್ರೋಲ್ ರೂಮ್‌ನಲ್ಲಿದ್ದರೆ, ಆ ಹುಡುಗಿ ಠಾಣೆಗೆ ಬಂದ ರಾತ್ರಿಯೇ ಯಾರಾದರೂ ಫೋನಿನಲ್ಲಿ ಅವಳ ಮಾತು ಕೇಳಿಸಿಕೊಳ್ಳಬಹುದು.